ಮೇ ತಿಂಗಳ ಬಿಸಿಲು ನಂಬಿ ನೆಟ್ಟ ಬದನೆ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ನಾಲ್ಕು ಮಹಡಿಯ ಕಟ್ಟಡದ ಸುತ್ತ ಮೂರು ಮೀಟರ್ ಅಗಲದ ಮಣ್ಣಿನ ಪಟ್ಟಿಯಿದೆ. ಸೊಸೈಟಿಯವರ ಒಪ್ಪಿಗೆ ಪಡೆದು ಅಲ್ಲಿ ಪರ್ಮಾಕಲ್ಚರ್ ತೋಟ, ಅಂದರೆ ಜಾಗದ ಬಿಸಿಲು, ನೆರಳು, ನೀರನ್ನು ನೋಡಿ ನಿಸರ್ಗದ ರೀತಿಯಲ್ಲೇ ಬೆಳೆಸುವ ತೋಟ ಮಾಡಲು ಹೊರಟಾಗ ಮೇ ತಿಂಗಳು. ಉತ್ತರದ ಪಟ್ಟಿಯಲ್ಲೂ ರಣಬಿಸಿಲು. ಮಳೆ ಹಿಡಿದ ಮೇಲೆ ಅಲ್ಲೇ ಬದನೆ, ಮೆಣಸಿನ ಸಸಿಗಳನ್ನು ನೆಟ್ಟೆ. ನವೆಂಬರ್ ಹೊತ್ತಿಗೆ ಗಿಡಗಳು ಬಡಕಲಾಗಿ ಉದ್ದಕ್ಕೆ ಬೆಳೆದಿದ್ದವು. ಕಾಯಿ ಒಂದೂ ಇಲ್ಲ. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆ.

ಸಾಲದಿದ್ದದ್ದು ಬಿಸಿಲು. ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ಸುಮಾರು 47 ಡಿಗ್ರಿಯಷ್ಟೇ ಮೇಲೇರುತ್ತಾನೆ. ಆಗ 12 ಮೀಟರ್ ಎತ್ತರದ ಕಟ್ಟಡದ ನೆರಳು ನಡುಹಗಲಲ್ಲೂ 11 ಮೀಟರ್ ಚಾಚುತ್ತದೆ. ನನ್ನ ಉತ್ತರದ ಪಟ್ಟಿ ಇಡಿಯಾಗಿ ಅದರೊಳಗೆ.

ಆ ಡಿಸೆಂಬರ್ 21ರಂದು ಎರಡು ಗಂಟೆಗೊಮ್ಮೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದೆ. ಮಾರ್ಚ್‌ನಲ್ಲಿ ಮತ್ತೊಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ. ನರ್ಸರಿಗೆ ಹೋಗುವ ಮೊದಲು ಈ ಕೆಲಸ ಮುಗಿಸಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಉಡುಪಿಯಿಂದ ಬಂದ ಅಮ್ಮ ಉತ್ತರದ ಪಟ್ಟಿಯನ್ನು ನೋಡಿ, "ಇಷ್ಟು ಒಳ್ಳೆಯ ತಂಪು ಜಾಗದಲ್ಲಿ ಕೆಸು ಹಾಕದೆ ಬದನೆ ಯಾಕೆ ಹಾಕಿದೆ?" ಎಂದರು. ನಮ್ಮ ಊರಿನ ತೋಟದಲ್ಲಿ ಅಡಿಕೆಯ ನೆರಳಿನಲ್ಲಿ ಬೆಳೆಯುವುದನ್ನೆಲ್ಲ ನೆನಪಿಸಿಕೊಂಡೆ. ಈಗ ಉತ್ತರದ ಪಟ್ಟಿಯಲ್ಲಿ ಕೆಸು, ಅರಿಶಿನ, ಶುಂಠಿ. ಅವುಗಳ ಬುಡದಲ್ಲಿ ನೆಲಕ್ಕೆ ಹೊದಿಕೆಯಾಗಿ ಒಂದೆಲಗ. ಮಳೆಗಾಲದಲ್ಲಿ ಪತ್ರೊಡೆಗೆ ಎಲೆ ಧಾರಾಳ. ನಾಗರಪಂಚಮಿಗೆ ಅರಿಶಿನದ ಎಲೆ ನಮ್ಮ ಕಡುಬಿಗೂ ಆಗುತ್ತದೆ, ಪಕ್ಕದ ಮನೆಯ ಮರಾಠಿ ಅಕ್ಕನ ಪಾತೋಳಿಗೂ ಆಗುತ್ತದೆ. ಗಡ್ಡೆ ತುಸು ಸಣ್ಣದಾಗಿ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ಪೂರ್ವದಲ್ಲಿ ಬೆಳಗಿನ ಹೊತ್ತು ನಾಲ್ಕು ತಾಸು ಬಿಸಿಲು ಸಿಗುತ್ತದೆ. ಬಸಳೆ ಚಪ್ಪರಕ್ಕೆ, ಹರಿವೆಗೆ ಅಷ್ಟು ಸಾಕು. ಬದನೆ, ಬೆಂಡೆ, ಮೆಣಸು ದಕ್ಷಿಣಕ್ಕೆ ಹೋದವು. ಅಲ್ಲಿ ನಡುವೆ ಒಂದು ನುಗ್ಗೆ ಇದೆ. ಬೇಸಿಗೆಯಲ್ಲಿ ಅದರ ಜಾಲರಿಯಂಥ ನೆರಳು ಮೆಣಸಿನ ಗಿಡಗಳನ್ನು ಕಾಯುತ್ತದೆ. ಮೋಡ ಕವಿಯುವ ಜೂನಿನಲ್ಲಿ ಕೊಂಬೆಗಳನ್ನು ಕಡಿದು ಬೆಳಕು ಬಿಡುತ್ತೇನೆ, ಸೊಪ್ಪನ್ನು ಅಲ್ಲೇ ಬುಡಕ್ಕೆ ಹೊದಿಸುತ್ತೇನೆ.

ಪಶ್ಚಿಮ ಇನ್ನೂ ಬಗೆಹರಿದಿಲ್ಲ. ಸಂಜೆಯವರೆಗೆ ಕಾದ ಗೋಡೆಯ ಝಳಕ್ಕೆ ಎಳೆಯ ಸಸಿಗಳು ಬಾಡುತ್ತವೆ. ಈ ಮಳೆಗೆ ಅಲ್ಲಿ ಗೋಡೆಯುದ್ದಕ್ಕೂ ತೊಗರಿ ಬಿತ್ತಿದ್ದೇನೆ.