ತಿಪ್ಪೆಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆಳೆಸುವುದು ಹೇಗೆ?

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ತೊಗರಿ ಹೂ ಬಿಡುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡುವುದುಂಟು. ಎರೆ ನೆಲದಲ್ಲಿ ಹಸಿ ಇದ್ದೂ ಗಿಡ ಒಣಗುತ್ತಿದ್ದರೆ ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದುಗಪ್ಪು ಗೆರೆ ಕಂಡರೆ ನೆಟೆ ರೋಗ ಎಂದೇ ತಿಳಿಯಿರಿ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಏರುವ ನಾಳಗಳನ್ನೇ ಮುಚ್ಚಿರುತ್ತದೆ. ಆ ಗಿಡಕ್ಕೆ ಔಷಧಿ ಹೊಡೆಯುವುದು ದುಡ್ಡು ದಂಡ.

ಕೆಲಸ ಬಿತ್ತನೆಗೆ ಮೊದಲೇ ಆಗಬೇಕು, ಅದಕ್ಕೆ ಇನ್ನೊಂದು ಶಿಲೀಂಧ್ರವೇ ಬೇಕು, ಅದೇ ಟ್ರೈಕೋಡರ್ಮಾ. ಶಿಲೀಂಧ್ರಗಳಿಗೆ ಪತ್ರಹರಿತ್ತು ಇಲ್ಲ. ಸ್ವಂತ ಆಹಾರ ತಯಾರಿಸಲಾರವು. ಕೆಲವು ಜೀವಂತ ಗಿಡಕ್ಕೆ ಅಂಟುತ್ತವೆ, ಕೆಲವು ಕೊಳೆತದ್ದನ್ನು ತಿನ್ನುತ್ತವೆ. ಟ್ರೈಕೋಡರ್ಮಾ ಕೊಳೆತದ್ದನ್ನೂ ತಿನ್ನುತ್ತದೆ, ಫ್ಯುಸೇರಿಯಂ ಎಳೆಗೆ ಸುತ್ತಿಕೊಂಡು ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದಾದ ಅದರ ಕೋಶದ ಗೋಡೆಯನ್ನೂ ಕರಗಿಸುತ್ತದೆ.

ಬಿತ್ತನೆಗೆ ಎರಡು–ಮೂರು ವಾರ ಮುಂಚೆ ನೆರಳಲ್ಲಿ 100 ಕಿಲೊ ತಿಪ್ಪೆಗೊಬ್ಬರ ಹರಡಿ. ಚೆನ್ನಾಗಿ ಕಳಿತದ್ದೇ ಆಗಬೇಕು. ಹಸಿ ಸಗಣಿ ಬಿಸಿಯಾಗಿ ಶಿಲೀಂಧ್ರವನ್ನೇ ಕೊಲ್ಲುತ್ತದೆ. 1 ಕಿಲೊ ಟ್ರೈಕೋಡರ್ಮಾ ಪುಡಿ ಬೆರೆಸಿ, ಬೇವಿನ ಹಿಂಡಿ ಇದ್ದರೆ ಅದನ್ನೂ ಸೇರಿಸಿ. ಪೊಟ್ಟಣದ ಮೇಲಿನ ವಾಯಿದೆ ನೋಡದೆ ಕೊಳ್ಳಬೇಡಿ, ಒಳಗಿರುವುದು ಜೀವ.

ಇನ್ನು ನೀರು. ಬಹುತೇಕರು ಕೆಡಿಸುವುದು ಇಲ್ಲೇ. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಒದ್ದೆ ಗೋಣಿಚೀಲ ಹೊದಿಸಿ, ಮೂರು–ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ, ಒಣಗಿದ್ದರೆ ನೀರು ಚಿಮುಕಿಸಿ. ಮೊದಲು ಬಿಳಿ ನೂಲಿನಂಥ ಎಳೆ ಕಾಣುತ್ತದೆ. ಹತ್ತು–ಹದಿನೈದು ದಿನಕ್ಕೆ ಅದರ ಮೇಲೆ ಹಸಿರು ಪುಡಿ ಕೂರುತ್ತದೆ. ಆ ಹಸಿರೇ ಬೀಜಕಗಳು, ಹೊಲಕ್ಕೆ ಹೋಗಬೇಕಾದದ್ದು ಅವೇ.

ಸಂಜೆ, ನೆಲದಲ್ಲಿ ಹಸಿ ಇರುವಾಗ ಚೆಲ್ಲಿ ಹರಗಿ. ಮಧ್ಯಾಹ್ನದ ಬಿಸಿಲಿಗೆ ಚೆಲ್ಲಿದರೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಗೊಬ್ಬರಕ್ಕೆ ಯೂರಿಯಾ, ಶಿಲೀಂಧ್ರನಾಶಕ ಬೆರೆಸಬೇಡಿ. ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನೆರಳಲ್ಲಿ ಆರಿಸಿಯೇ ಕೂರಿಗೆಗೆ ಹಾಕಿ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಹಚ್ಚುವುದಾದರೆ ಅದು ಕೊನೆಗೆ.

ಇಷ್ಟಾದರೂ ರೋಗ ಬಂದ ಹೊಲದಲ್ಲಿ ಮತ್ತೆ ಮತ್ತೆ ತೊಗರಿಯನ್ನೇ ಹಾಕಿದರೆ ಟ್ರೈಕೋಡರ್ಮಾ ಒಂದರಿಂದ ಆಗುವುದಿಲ್ಲ. ಹಳೆ ಬುಡಗಳಲ್ಲಿ ಫ್ಯುಸೇರಿಯಂ ವರ್ಷಗಟ್ಟಲೆ ಉಳಿಯುತ್ತದೆ. ಬುಡ ಕಿತ್ತು ಸುಟ್ಟು, ಜೋಳಕ್ಕೆ ಬದಲಿಸಿ. ಮುಂದೆ ತೊಗರಿ ಬಿತ್ತುವಾಗ ರೋಗ ತಡೆಯುವ ಟಿಎಸ್-3ಆರ್ ತಳಿ ಕೇಳಿ ತನ್ನಿ.