ಕಾರಹುಣ್ಣಿಮೆಗೆ ಬಾ ಅಂದರೆ ಬರುತ್ತಾರೆ

ಚರ್ಮದ ಕ್ಯಾನ್ಸರ್ ಆಪರೇಷನ್ ಆದವರನ್ನು ತಾಲ್ಲೂಕಿನ ಎಂಬಿಬಿಎಸ್ ಡಾಕ್ಟರ್ ಫಾಲೋಅಪ್ ಮಾಡಲಾರ, ಗಾಯ ಮಾಯ್ದ ಮೇಲೆ ಹಳ್ಳಿ ಜನ ತಿರುಗಿ ಬರುವುದಿಲ್ಲ ಎಂದು ನಮ್ಮ ಸರ್ಜನ್ ಮಿತ್ರರೇ ಹೇಳುತ್ತಿದ್ದರು. ಲಿಂಗಸುಗೂರು ಕಡೆಯ ನನ್ನ ಕ್ಲಿನಿಕ್ಕಿಗೆ ಈಗ ಹತ್ತು ಹನ್ನೆರಡು ಜನ ತಪ್ಪದೆ ಬರುತ್ತಿದ್ದಾರೆ. ಹೆಚ್ಚಿನವರಿಗೆ ಕಾಲಿನ ಹಳೇ ಸುಟ್ಟ ಕಲೆಯಲ್ಲಿ ಎದ್ದ ಸ್ಕ್ವಾಮಸ್ ಸೆಲ್ (ಚರ್ಮದ ಮೇಲ್ಪದರದ ಕ್ಯಾನ್ಸರ್), ಇಬ್ಬರಿಗೆ ಅಂಗಾಲಿನ ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್).

ಮೊದಲು ಕಾರ್ಡಿನ ಮೇಲೆ ತಾರೀಖು ಬರೆದುಕೊಟ್ಟೆ. ಯಾರೂ ಬರಲಿಲ್ಲ. ಫೋನ್ ಮಾಡಿಸಿದರೆ ನಂಬರು ಮಗನದು, ಅವನು ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಆಮೇಲೆ ಒಬ್ಬ ಹುಡುಗನಿಗೆ ಪೆಟ್ರೋಲ್ ಕೊಟ್ಟು ಊರೂರಿಗೆ ಕಳಿಸಿದೆ. ವರ್ಷಕ್ಕೆ ಏಳೆಂಟು ಸಾವಿರ ಹೋಗಿರಬೇಕು, ಅರ್ಧ ಮನೆಗಳಿಗೆ ಬೀಗ. ಸಿಕ್ಕವರು, "ಮಾಯ್ದೈತಲ್ರಿ ಸಾಹೇಬ್ರ, ಇನ್ನ್ಯಾಕ ಬರಬೇಕ್ರಿ?" ಎಂದರು.

ಗುಳೆ ಹೋದವರೂ ಹಬ್ಬಕ್ಕೆ ಊರಿಗೆ ಬರುತ್ತಾರೆ. ಎಳ್ಳಮಾಸಿ, ಯುಗಾದಿ, ಕಾರಹುಣ್ಣಿಮೆ, ಮಹಾನವಮಿ: ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಮೂರು ತಿಂಗಳು. ಸ್ಕ್ವಾಮಸ್ ಸೆಲ್ ಮರುಕಳಿಸುವುದಿದ್ದರೆ ಬಹುಪಾಲು ಮೊದಲೆರಡು ವರ್ಷದಲ್ಲೇ, ಅಂದರೆ ಎಂಟು ಹಬ್ಬ. ಕಾರ್ಡಿನಲ್ಲಿ ತಾರೀಖು ತೆಗೆದು ಹಬ್ಬದ ಹೆಸರು ಬರೆದೆ, ಬರತೊಡಗಿದರು.

ದುಡ್ಡಿನ ಮಾತೂ ಇದೆ. ಆಪರೇಷನ್ನಿಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆ, ಹೋಗಿಬರುವ ಖರ್ಚಿಗೆ ಯಾವ ಕಾರ್ಡೂ ಇಲ್ಲ. ಬೆಂಗಳೂರಿಗೆ ಹೋಗಿಬರಲು ಎಂಟುನೂರು ಕಿಲೋಮೀಟರ್, ಜೊತೆಗೊಬ್ಬ, ಇಬ್ಬರದೂ ಕೂಲಿ ಕಳೆತ, ಊಟ: ಮೂರು ನಾಲ್ಕು ಸಾವಿರ. 2023ರಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಟಿಕೆಟ್ ಉಳಿಯಿತು, ಕೂಲಿ ಉಳಿಯಲಿಲ್ಲ. ನನ್ನಲ್ಲಿ ಈ ತಪಾಸಣೆಗೆ ಫೀಸಿಲ್ಲ.

ಕಷ್ಟವಿರುವುದು ತೊಡೆಸಂದಿಯಲ್ಲಿ. ಕಾಲಿನ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಗಂಟು ಕಟ್ಟುವುದು ಅಲ್ಲಿ. ಆದರೆ ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಅಲ್ಲಿ ಸಣ್ಣ ಗಂಟು ಹೇಗೂ ಇರುತ್ತವೆ. ಅದಕ್ಕೇ ಮೊದಲ ಭೇಟಿಯಲ್ಲೇ ಮಲಗಿಸಿ, ಮೊಣಕಾಲು ಸ್ವಲ್ಪ ಮಡಿಸಿ, ಎಲ್ಲ ಗಂಟುಗಳ ಜಾಗ, ಅಳತೆ ಬರೆದಿಡುತ್ತೇನೆ. ಮುಂದೆ ಒಂದು ದೊಡ್ಡದಾದರೆ, ಗಟ್ಟಿಯಾದರೆ ಆ್ಯಂಟಿಬಯಾಟಿಕ್ ಕೊಟ್ಟು ಕಾಯುವ ಮಾತೇ ಇಲ್ಲ, ನೇರ ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಎಫ್‌ಎನ್‌ಎಸಿ. ಕಳೆದ ಮಹಾನವಮಿಗೆ ಬಂದ ಒಬ್ಬ ಅಜ್ಜಿಗೆ ಅಡಿಕೆಯಷ್ಟು ಗಟ್ಟಿ ಗಂಟು ಸಿಕ್ಕಿತು, ಕಾರಹುಣ್ಣಿಮೆಯ ಹಾಳೆಯಲ್ಲಿ ಅದಿರಲಿಲ್ಲ. ಆ ವಾರವೇ ಹುಬ್ಬಳ್ಳಿಗೆ ಕಳಿಸಿದೆ, ತೆಗೆದರು. ಆ ಸರ್ಜನ್ ಈಗ ಡಿಸ್ಚಾರ್ಜ್ ಚೀಟಿಯಲ್ಲೇ ನನ್ನ ಕ್ಲಿನಿಕ್ಕಿನ ಹೆಸರು ಬರೆಯುತ್ತಾರೆ. ವಯಸ್ಸಾದ ಹೆಂಗಸರು ತೊಡೆಸಂದಿ ತೋರಿಸಲು ಒಪ್ಪುವಂತೆ ನಮ್ಮ ಸಿಸ್ಟರ್ ಏನು ಹೇಳುತ್ತಾರೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಗಾಯದ ಕಲೆ ಅಳೆಯಲು ನನ್ನ ಸಾಧನ ಹಳೇ ಎಕ್ಸ್‌ರೇ ಫಿಲ್ಮು. ಬ್ಲೀಚಿನಲ್ಲಿ ತೊಳೆದರೆ ಗಾಜಿನಂತೆ ಆಚೆಯದು ಕಾಣುವಂತಾಗುತ್ತದೆ. ಕಲೆಯ ಮೇಲಿಟ್ಟು ಮಾರ್ಕರಿನಿಂದ ಅಂಚು ಎಳೆದು, ಗಡಸಾದ ಜಾಗಕ್ಕೆ ಚುಕ್ಕೆ ಹಾಕುತ್ತೇನೆ. ಮುಂದಿನ ಹಬ್ಬಕ್ಕೆ ಅದನ್ನೇ ಮತ್ತೆ ಇಟ್ಟರೆ ಅರ್ಧ ಸೆಂಟಿಮೀಟರ್ ಬೆಳೆದರೂ ಗೊತ್ತಾಗುತ್ತದೆ. ಮೊಬೈಲ್ ಫೋಟೋ ಮೋಸ ಮಾಡುತ್ತದೆ, ಕೋನ ಬದಲಾದರೆ ಅಳತೆಯೂ ಬದಲು.

ಇದರ ಜೊತೆಗೇ ಅಂಗೈ, ಅಂಗಾಲು ನೋಡಲು ಶುರುಮಾಡಿದೆ. ನಮ್ಮ ಚಿನ್ನದ ಗಣಿ ಪಟ್ಟಿಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ವರ್ಷಗಟ್ಟಲೆ ಕುಡಿದವರಿಗೆ ಅದು ಚರ್ಮದ ಕ್ಯಾನ್ಸರ್ ತರಬಲ್ಲದು. ಅಂಗೈ ತುಂಬ ಅಕ್ಕಿಕಾಳಿನಂಥ ಗಡಸು ಗುಳ್ಳೆ ಇದ್ದರೆ ಯಾವ ಬೋರಿನ ನೀರು ಎಂದು ಕೇಳಿ ಬರೆದಿಡುತ್ತೇನೆ. ಅಂಥವರಿಗೆ ಕ್ಯಾನ್ಸರ್ ಮೈಯ ಬೇರೆ ಕಡೆಯೂ ಹೊಸದಾಗಿ ಹುಟ್ಟಬಹುದು. ಅವರಿಗೆ ಎಂಟು ಹಬ್ಬದ ಲೆಕ್ಕವಿಲ್ಲ, ಪ್ರತಿ ಹಬ್ಬಕ್ಕೂ ಮೈಯೆಲ್ಲ ನೋಡುತ್ತೇನೆ.