ಆರ್‌ವಿಯಲ್ಲಿ ಹೋಗಿ ಜಗಳವಾಡದೆ ಸವಾನ್ನಾ ನೋಡುವುದು ಹೇಗೆ?

ಬಾಡಿಗೆ ಆರ್‌ವಿ (ಮಲಗಲು, ಅಡುಗೆಗೆ ಜಾಗವಿರುವ ಮನೆಯಂಥ ಗಾಡಿ) ಹಿಡಿದು ಅಮೆರಿಕದ ದಕ್ಷಿಣಕ್ಕೆ ಹೊರಡುವ ನಮ್ಮವರನ್ನು ಸುಮಾರು ನೋಡಿದ್ದೇನೆ. ಜಾರ್ಜಿಯಾ ರಾಜ್ಯದ ಸವಾನ್ನಾ ಊರು ಸುತ್ತುವುದು ಸುಲಭ. ಗಂಡ-ಹೆಂಡತಿಗೆ ಜಗಳ ಬರುವುದು ಗಾಡಿಯ ವಿಷಯಕ್ಕೇ.

ಮೊದಲು, ಊರಿನ ಹತ್ತಿರದ ಸ್ಕಿಡವೇ ಐಲ್ಯಾಂಡ್ ಸ್ಟೇಟ್ ಪಾರ್ಕಿನ ಕ್ಯಾಂಪಿನಲ್ಲಿ ಜಾಗ ಬುಕ್ ಮಾಡಿ. ಮಾರ್ಚ್-ಏಪ್ರಿಲ್ ಒಳ್ಳೆಯದು. ಜುಲೈ ಬೇಡ, ಮಂಗಳೂರಿನ ಮೇ ತಿಂಗಳ ಸೆಕೆ.

ಆಮೇಲೆ ಊರೊಳಗೆ ಹೋಗುವುದು. ನನ್ನ ಮಾತು ಕೇಳುವುದಾದರೆ ಗಾಡಿ ಕ್ಯಾಂಪಿನಲ್ಲೇ ಇರಲಿ, ಊಬರ್ ಹಿಡಿಯಿರಿ. ಅದಕ್ಕೆ ಯಾಕೆ ದುಡ್ಡು, ಗಾಡಿಯಲ್ಲೇ ಹೋಗುತ್ತೇವೆ ಅನ್ನುವವರು ಇಷ್ಟನ್ನು ನಿಧಾನವಾಗಿ ಓದಿ. ಕ್ಯಾಂಪಿನ ಕರೆಂಟು, ನೀರಿನ ಸಂಪರ್ಕದಿಂದ ಗಾಡಿ ಬಿಚ್ಚುವ ಕೆಲಸ ಒಬ್ಬರೇ ಮಾಡಬೇಕು, ಇನ್ನೊಬ್ಬರು ಸುಮ್ನೆ ಒಂದು ಸುತ್ತು ಬಂದು ನೋಡಬೇಕು. ಅರ್ಧರ್ಧ ಹಂಚಿಕೊಂಡರೆ "ನೀವು ತೆಗೆದಿರ್ತೀರಿ ಅಂದ್ಕೊಂಡೆ" ಅನ್ನುವ ಮಾತು ಗ್ಯಾರಂಟಿ. ಕರೆಂಟು ಕಂಬದ ಬ್ರೇಕರ್ (ಸ್ವಿಚ್) ಆಫ್ ಮಾಡಿದ ಮೇಲೇ ಪ್ಲಗ್ ಕೀಳಿ. ನಲ್ಲಿ ನಿಲ್ಲಿಸಿ ಪೈಪ್ ಬಿಚ್ಚಿ. ಮೆಟ್ಟಿಲು ಒಳಗೆ, ಆಂಟೆನಾ ಕೆಳಗೆ, ಫ್ರಿಜ್ ಬಾಗಿಲಿಗೆ ಚಿಲಕ. ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವ ಗಲೀಜು ಕೆಲಸ ಊರು ಬಿಡುವ ದಿನಕ್ಕಿರಲಿ.

ಇನ್ನು ಎತ್ತರ. ಬಾಡಿಗೆ ಗಾಡಿಗಳು ಸಾಮಾನ್ಯವಾಗಿ 11-12 ಅಡಿ ಇರುತ್ತವೆ. ನಿಮ್ಮದರ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಸವಾನ್ನಾದ ಓಕ್ ಮರಗಳ ಕೊಂಬೆ ರಸ್ತೆಗೇ ಬಾಗಿರುತ್ತವೆ, ಫೋನಿನ ಮ್ಯಾಪ್ ಅದನ್ನು ಹೇಳುವುದಿಲ್ಲ. ನಾವು ಚೀಟಿ ಅಂಟಿಸದೆ ಹೋಗಿ, ಚಾವಣಿಯ ಏಸಿ ಕವರ್ ಕೊಂಬೆಗೆ ಸಿಕ್ಕಿ ಹಪ್ಪಳದ ಹಾಗೆ ಮುರಿಯಿತು. ಬಲಕ್ಕೆ ತಿರುಗಿಸುವಾಗ ಗಾಡಿಯ ಹಿಂಭಾಗ ಎಡಕ್ಕೆ ಬೀಸುತ್ತದೆ, ಅದನ್ನೂ ಎಲ್ಲರೂ ಮರೆಯುತ್ತಾರೆ. ಆದ್ದರಿಂದ ಹಳೇ ಊರಿನ ಗಲ್ಲಿಗೆ ಹೋಗಲೇಬೇಡಿ. ಹಳೆಯ ರೈಲು ನಿಲ್ದಾಣದಲ್ಲಿರುವ ವಿಸಿಟರ್ ಸೆಂಟರ್‌ಗೆ ಹಿಂದಿನ ದಿನವೇ ಫೋನ್ ಮಾಡಿ, ನಿಮ್ಮ ಗಾಡಿಯ ಉದ್ದ ಹೇಳಿ ನಿಲ್ಲಿಸುವ ಜಾಗ ಕೇಳಿಕೊಳ್ಳಿ.

ನಂತರದ್ದು ಬರೀ ನಡಿಗೆ. 1733ರಲ್ಲಿ ಜಾರ್ಜಿಯಾ ವಸಾಹತು ಸ್ಥಾಪಿಸಿದ ಜೇಮ್ಸ್ ಓಗಲ್‌ಥಾರ್ಪ್ ನಕ್ಷೆ ಹಾಕಿದ ಊರು. ಈಗ ಮರಗಳಿರುವ 22 ಚೌಕಗಳು (ಸ್ಕ್ವೇರ್) ಉಳಿದಿವೆ, ಎಲ್ಲವನ್ನೂ ನೋಡುವ ಹಟ ಬೇಡ, ಐದಾರು ಸಾಕು. ಫೋರ್ಸಿತ್ ಪಾರ್ಕಿನ 1858ರ ಕಾರಂಜಿ ತಪ್ಪಿಸಬೇಡಿ. ಮರದಿಂದ ಬೂದು ಗಡ್ಡದ ಹಾಗೆ ಇಳಿಬಿದ್ದ ಸ್ಪ್ಯಾನಿಷ್ ಮಾಸ್ ಪಾಚಿಯಲ್ಲ, ಅನಾನಸಿನ ನೆಂಟ. ನದಿ ದಡದ ರಿವರ್ ಸ್ಟ್ರೀಟ್‌ಗೆ ಇಳಿಯುವ ಕಲ್ಲುಮೆಟ್ಟಿಲು ಕಡಿದು, ಹೀಲ್ಸ್ ಹಾಕಿದರೆ ಕಾಲು ಉಳುಕುತ್ತದೆ.

ಊಟ: ಕೊಲಾರ್ಡ್ ಸೊಪ್ಪು ಅಂದ ತಕ್ಷಣ ಬಸ್ಸಾರು ನೆನಪಾಗಬಹುದು. ಇಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಹಾಕಿಯೇ ಬೇಯಿಸುತ್ತಾರೆ, ಸಸ್ಯಾಹಾರಿಗಳು ಕೇಳಿ ತಿನ್ನಿ.

ಹತ್ತಿರದ ಟೈಬೀ ದ್ವೀಪದ ದೀಪಸ್ತಂಭಕ್ಕೆ 178 ಮೆಟ್ಟಿಲು. ಮೊಣಕಾಲು ಒಪ್ಪಿದರೆ ಹತ್ತಿ, ಇಲ್ಲದಿದ್ದರೆ ಸಮುದ್ರ ಸಾಕು.

ಬೆಳಕಿರುವಾಗಲೇ ಕ್ಯಾಂಪಿಗೆ ಬನ್ನಿ. ರಿವರ್ಸ್ ಹಾಕಿಸುವವರು ಕನ್ನಡಿಯಲ್ಲಿ ಕಾಣುವಂತೆ ನಿಂತು, ನಮ್ಮ ಬಸ್ ಕಂಡಕ್ಟರ್ ಥರ ಎರಡೇ ಮಾತು ಇಟ್ಟುಕೊಳ್ಳಿ: "ರೈಟ್", "ಹೋಲ್ಡಾನ್". ಹೋಲ್ಡಾನ್ ಅಂದ ಕೂಡಲೇ ಬ್ರೇಕ್, ಯಾಕೆ ಅಂತ ಆಮೇಲೆ ಕೇಳಿ.